ಒಣಗಿದ ಕೆರೆಗೆ ಎನಾಮಲ್ ನೀರು

ನಮ್ಮ ಕಡೆ ಚಿತ್ರ ಎಂದರೆ ಸೀನರಿ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ಹೊಳೆಯ ದಡಕ್ಕೆ ಗುಡಿಸಲು, ಗುಡಿಸಲ ಮೇಲೆ ಬಾಗಿದ ತೆಂಗಿನಮರ. ಮಧುಗಿರಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿ ಈ ಸೀನರಿಯ ಜೊತೆ ಗುದ್ದಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ತರಗತಿಯ ಕಿಟಕಿಯಾಚೆ ಒಂದೇ ಬಂಡೆಯ ಅಷ್ಟು ದೊಡ್ಡ ಬೆಟ್ಟ ನಿಂತಿದೆ. ಮಕ್ಕಳು ಅದಕ್ಕೆ ಬೆನ್ನು ಹಾಕಿ ಕೂತು, ಸ್ಕೇಲಿಟ್ಟು ತ್ರಿಕೋನದ ಬೆಟ್ಟ ಎಳೆದು, ತುದಿಗೆ ಹಿಮ ಬಿಡುತ್ತಾರೆ. ಮಕ್ಕಳನ್ನು ಬೈದು ಏನು ಬಂತು? ಸಹೋದ್ಯೋಗಿಗಳ ಮನೆಯ ಹಾಲಿನಲ್ಲೂ ಅದೇ ಬೆಟ್ಟ, ಅದೇ ಹಿಮ. ಫ್ರೇಮು ಮಾತ್ರ ದುಬಾರಿಯದು.

ನಾನು ಎದುರಿಗೆ ಕೂತು ನೋಡದೆ ಒಂದು ಕಲ್ಲನ್ನೂ ಬರೆದವಳಲ್ಲ. ಇದು ನನ್ನ ಸೊಕ್ಕು, ಮುಚ್ಚಿಡುವುದಿಲ್ಲ. ಫೋಟೋ ನೋಡಿ ಬರೆಯುವವರನ್ನು, ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ನೆನಪಿನಿಂದ ಬಯಲು ಬರೆಯುವವರನ್ನು ನಾನು ಚಿತ್ರಗಾರರೆಂದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಭಾನುವಾರ ಬೆಳಗ್ಗೆ ಸ್ಕೂಟಿಗೆ ಮಡಚುವ ಸ್ಟ್ಯಾಂಡು, ಕ್ಯಾನ್ವಾಸು, ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಹೊರಟರೆ ವಾಪಸು ಬರುವುದು ಸಂಜೆಗೇ. ಕೊರಟಗೆರೆ ಕಡೆ ಜಯಮಂಗಲಿ ಹೊಳೆಯ ಪಾತ್ರ, ಐ.ಡಿ.ಹಳ್ಳಿ ಕಡೆಯ ಕಡಲೆಕಾಯಿ ಹೊಲ, ಬಿಸಿಲಿಗೆ ಬಿರಿದ ಗುಡ್ಡ, ಯಾವುದನ್ನೂ ಬಿಟ್ಟಿಲ್ಲ.

ಬಯಲಿನಲ್ಲಿ ಕೂತರೆ ಬಿಸಿಲಿಗಿಂತ ನೋಡಲು ಬರುವವರ ಕಾಟ ಜಾಸ್ತಿ. ಸ್ಟ್ಯಾಂಡು ಕಂಡರೆ ಸಾಕು, "ಸರ್ವೆಯೋರಾ ಮೇಡಂ? ರಸ್ತೆ ಇಂಗೇ ಬರ್ತದಾ?" ಎನ್ನುತ್ತಾರೆ. ಪಾವಗಡದ ಬಲಸಮುದ್ರದ ಹತ್ತಿರ, ಸೋಲಾರ್ ಪ್ಯಾನೆಲುಗಳ ಬಯಲಿನಲ್ಲಿ, ಒಬ್ಬ ಮುದುಕ ಬೈಕು ನಿಲ್ಲಿಸಿ, "ಮೀರು ಸೋಲಾರ್ ವಾಳ್ಳಾ?" ಎಂದು ತೆಲುಗಿನಲ್ಲಿ ಶುರುಮಾಡಿದ. ಸೋಲಾರಿನವಳಲ್ಲ, ಚಿತ್ರ ಬರೆಯುತ್ತಿದ್ದೇನೆ ಎಂದೆ. ಅವನು ಸುತ್ತ ಒಮ್ಮೆ ನೋಡಿ, "ಈಡ ಏಮುಂದಿ ಬರೆಯಕ್ಕೆ? ಎಲ್ಲಾ ಗಾಜೇ ಐತಲ್ಲ" ಎಂದು ನನ್ನ ಮೇಲೆ ಕನಿಕರಪಟ್ಟುಕೊಂಡು ಹೋದ. ಇವರನ್ನಾದರೂ ಸಹಿಸಬಹುದು. ಟೋಪಿ, ಕೂಲಿಂಗ್ ಗ್ಲಾಸು ಹಾಕಿಕೊಂಡು ಬೆಟ್ಟ ಹತ್ತಲು ಬರುವ ಪ್ರಕೃತಿಪ್ರೇಮಿಗಳನ್ನು ಸಹಿಸಲಾಗದು. ನನ್ನ ಕ್ಯಾನ್ವಾಸಿನ ಮುಂದೆಯೇ ನಿಂತು, ನನ್ನ ಬೆಟ್ಟಕ್ಕೆ ಅಡ್ಡವಾಗಿ, ಸೆಲ್ಫಿ ತೆಗೆದುಕೊಂಡು, "ಆಂಟಿ, ಇಲ್ಲಿ ವ್ಯೂ ಪಾಯಿಂಟ್ ಎಲ್ಲಿದೆ?" ಎಂದು ಕೇಳುತ್ತಾರೆ. ನಾನು ಯಾವಾಗಲೂ ಊರಿನ ಕಸ ಸುರಿಯುವ ಕಡೆಗೆ ಕೈ ತೋರಿಸುತ್ತೇನೆ.

ಇಡೀ ಜಿಲ್ಲೆಯಲ್ಲಿ ನಾನು ಬರೆಯುವುದನ್ನು ನೋಡುತ್ತಾ ತೆಪ್ಪಗೆ ಕೂರಬಲ್ಲ ಜೀವ ಒಂದೇ ಇತ್ತು, ಅದು ನನ್ನ ತಂಗಿ. ಅವಳನ್ನು ದೊಡ್ಡೇರಿ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಅವಳ ಗಂಡ ಶಿರಾದಲ್ಲಿ ಪೈಪು, ನಲ್ಲಿ, ಪೇಂಟು ಮಾರುವ ಅಂಗಡಿ ಇಟ್ಟಿದ್ದಾನೆ. ಆ ಹಳ್ಳಿಯ ಪಕ್ಕಕ್ಕೆ ಒಂದು ಕೆರೆ. ಕೆರೆ ಎಂದು ಹೆಸರು ಅಷ್ಟೇ, ತಂಗಿ ಅಲ್ಲಿಗೆ ಸೊಸೆಯಾಗಿ ಹೋದಾಗಿನಿಂದ ಅದರಲ್ಲಿ ನೀರು ನಿಂತದ್ದನ್ನು ಕಂಡವಳಲ್ಲ. ಅಂಗಳದಲ್ಲಿ ಮೇಕೆ ಮೇಯುತ್ತವೆ, ಅಂಚಿಗೆ ಬಳ್ಳಾರಿ ಜಾಲಿ ಬೆಳೆದಿದೆ, ನಡುವೆ ಪಕ್ಕದೂರಿಗೆ ಹೋಗುವ ಕಾಲುದಾರಿ. ನಾನು ಮನಸೋತದ್ದು ಅದಕ್ಕೆ.

ಒಣಗಿದ ಕೆರೆಯಂಗಳ ಕಂದು ಬಣ್ಣದ್ದು ಎಂದುಕೊಂಡವರು ಅದನ್ನು ನೋಡೇ ಇಲ್ಲ. ಬೆಳಗ್ಗೆ ಅದರಲ್ಲಿ ಬೂದಿ ಇರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಬದನೆಕಾಯಿಯ ನೇರಳೆ ಎಲ್ಲಿಂದಲೋ ಬಂದು ಬಿರುಕುಗಳಲ್ಲಿ ಕೂರುತ್ತದೆ, ಆಮೇಲೆ ಹಳೇ ಹಂಚಿನ ಕೆಂಪು. ಆ ಮಣ್ಣಿನ ಬಣ್ಣ ಹಿಡಿಯಲು ಎರಡು ಬೇಸಿಗೆ ಪೂರ್ತಿ ಕೂತೆ. ತಂಗಿ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ತರುತ್ತಿದ್ದಳು. ನಾನು ಉಣ್ಣುವಾಗ ಏರಿಯ ಮೇಲಿನ ಹೊಂಗೆಮರದ ಕೆಳಗೆ ಕೂತು ಒಮ್ಮೆ ಕೆರೆ, ಒಮ್ಮೆ ಕ್ಯಾನ್ವಾಸು ನೋಡುತ್ತಿದ್ದಳು. ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಎನ್ನುತ್ತಿರಲಿಲ್ಲ. ಇವಳೊಬ್ಬಳಿಗೆ ಕಣ್ಣಿದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಎರಡನೇ ಬೇಸಿಗೆಯ ಕೊನೆಗೆ ಚಿತ್ರ ಮುಗಿಯಿತು. ನಾನು ಬರೆದದ್ದರಲ್ಲೆಲ್ಲ ಅದೊಂದೇ ಸುಳ್ಳಿಲ್ಲದ್ದು. ಅದೇ ಹೊತ್ತಿಗೆ ತಂಗಿಯ ಹೊಸ ಮನೆಯ ಗೃಹಪ್ರವೇಶ ಬಂತು. ಎಣ್ಣೆಬಣ್ಣ ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು, ಒಣಗಿದ ಮೇಲೆ ವಾರ್ನಿಶ್ ಹಚ್ಚಿದರೆ ಚಿತ್ರಕ್ಕೆ ರಕ್ಷಣೆ. ಆದರೆ ಮುಹೂರ್ತ ಯಾರಿಗಾಗಿ ಕಾಯುತ್ತದೆ? ವಾರ್ನಿಶ್ ಇಲ್ಲದೆಯೇ ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ನನ್ನ ಒಳ್ಳೇ ಚಿತ್ರವನ್ನು ಕೊಡಲು ಅವಳನ್ನು ಬಿಟ್ಟು ಬೇರೆ ಯಾರೂ ನನಗೆ ಯೋಗ್ಯರಾಗಿ ಕಂಡಿರಲಿಲ್ಲ.

ಮುಂದಿನ ಸಲ ಹೋದದ್ದು ಗೌರಿ ಹಬ್ಬಕ್ಕೆ. ಹಾಲಿಗೆ ಕಾಲಿಟ್ಟೆ, ಗೋಡೆ ನೋಡಿದೆ. ನನ್ನ ಕೆರೆಗೆ ನೀರು ಬಂದಿತ್ತು.

ಬಾತ್‌ರೂಮಿನ ಬಕೆಟ್ಟಿನ ನೀಲಿ. ಏರಿಯಿಂದ ಜಾಲಿಯವರೆಗೆ, ಒಂದು ಬಿರುಕೂ ಬಿಡದ ಹಾಗೆ, ಎನಾಮಲ್ ಪೇಂಟಿನಲ್ಲಿ ಬಳಿದಿದ್ದರು. ಮೇಲೆ ಎರಡು ಹಂಸ, ಮೂತಿಗೆ ಮೂತಿ ತಾಗಿಸಿಕೊಂಡು. ಅಂಚಿಗೆ ಗುಲಾಬಿ ತಾವರೆ. ನಡುವೆ, ಮೇಕೆಗಳ ಕಾಲುದಾರಿ ಇದ್ದ ಜಾಗದಲ್ಲಿ, ಒಂದು ದೋಣಿ. ಆ ಹಳ್ಳಿಯಲ್ಲಿ ದೋಣಿ ಕಂಡವರು ಯಾರೂ ಇಲ್ಲ. ಮೂಲೆಯಲ್ಲಿ ನನ್ನ ಸಣ್ಣ ಸಹಿ, ಅದರ ಕೆಳಗೆ ಅದಕ್ಕಿಂತ ದಪ್ಪನೆಯ ಅಕ್ಷರದಲ್ಲಿ ಶಿರಾದ ಬೋರ್ಡು ಬರೆಯುವವನ ಸಹಿ.

"ಹೆಂಗೈತಕ್ಕ?" ಎಂದ ತಂಗಿಯ ಗಂಡ, ಹಲ್ಲು ಬಿಟ್ಟುಕೊಂಡು. "ವಾಸ್ತುನೋರು ಬಂದಿದ್ರು. ಹೊಸಾ ಮನೇಲಿ ಖಾಲಿ ಕೆರೆ ಇಕ್ಕಬಾರ್ದು ಅಂದ್ರು. ಎಸೆಯೋಕೆ ಮನಸ್ ಬರ್ಲಿಲ್ಲ, ನಿಮ್ ಕೈಕೆಲ್ಸ ಅಲ್ವಾ. ಅದಕ್ಕೇ ನೀರು ಹಾಕಿಸ್ಬುಟ್ಟೆ. ಪೇಂಟು ನಮ್ಮಂಗಡೀದೇ."

ವಾಸ್ತು ಹೇಳುವವರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರಿಗೆ ತೊಂದರೆ. ಅಡುಗೆಮನೆಯನ್ನು ಒಡೆಸಿ ಬಚ್ಚಲು ಮಾಡಿಸಿ, ಬಚ್ಚಲನ್ನು ಒಡೆಸಿ ದೇವರಮನೆ ಮಾಡಿಸಿ ತಿನ್ನುವ ಜನ. ಈಗ ನನ್ನ ಕ್ಯಾನ್ವಾಸಿನ ಈಶಾನ್ಯಕ್ಕೂ ಬಂದಿದ್ದರು. "ಇದನ್ನು ಕೊಡಿ, ಪೇಂಟು ತೆಗೆದು ಮೊದಲಿನ ಹಾಗೆ ಮಾಡಿಕೊಡುತ್ತೇನೆ" ಎಂದೆ. ಅವನು ಕೊಡಲಿಲ್ಲ. ಬಂದ ನೆಂಟರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ತಂಗಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಗಂಡನ ಮುಂದೆ ಬಾಯಿ ಬಾರದ ಹೆಣ್ಣು ಎಂದು ಅವಳ ಮೇಲೂ ಸಿಟ್ಟು ಮಾಡಿಕೊಂಡು, ಹಬ್ಬದ ಊಟ ಬಿಟ್ಟು ಬಂದೆ.

ಅಲ್ಲಿಂದ ನೆಟ್ಟಗೆ ಶಿರಾಕ್ಕೆ ಹೋದೆ. ಯಾವ ಪೇಂಟು, ಎಷ್ಟು ದಪ್ಪ ಎಂದು ತಿಳಿಯದೆ ಅದನ್ನು ತೆಗೆಯುವ ಯೋಚನೆ ಮಾಡುವ ಹಾಗಿರಲಿಲ್ಲ. ಬೋರ್ಡು ಬರೆಯುವವನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ನನ್ನ ವಯಸ್ಸಿನ ಸಾಬರು, ಗಡ್ಡಕ್ಕೆ ಮೆಹಂದಿ, ಕನ್ನಡಕಕ್ಕೆ ದಾರ. ಒಂದು ಬೇಕರಿಯ ಬೋರ್ಡಿಗೆ ಕೇಕು ಬರೆಯುತ್ತಿದ್ದರು. ನಾನು ಯಾರೆಂದು ಹೇಳಿದ್ದೇ ಬ್ರಶ್ಶು ಕೆಳಗಿಟ್ಟು, ಕುರ್ಚಿ ಒರೆಸಿ, ಚಾ ತರಿಸಿದರು.

"ನಿಮ್ ಕೆಲ್ಸ ಅಚ್ಛಾ ಐತೆ ಮೇಡಂ, ಝೂಟ್ ಹೇಳಲ್ಲ" ಎಂದರು. "ಮಗರ್ ಅರ್ಧಕ್ಕೆ ಬಿಟ್ಟಿದ್ರಿ. ಬೆಟ್ಟ ಆಗೈತೆ, ಏರಿ ಆಗೈತೆ, ಕೆರೆಗೆ ಪಾನೀನೇ ಹಾಕಿಲ್ಲ. ಟೈಮ್ ಸಾಕಾಗಿಲ್ಲ ಪಾಪ ಅಂತ ನಾನೇ ಫಿನಿಶಿಂಗ್ ಕೊಟ್ಟೆ."

"ಅದು ಮುಗಿದಿತ್ತು" ಎಂದೆ.

ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. ಅಡುಗೆಗೆ ಉಪ್ಪು ಹಾಕಲು ಮರೆತು, ಹಾಕಿದ್ದೇನೆ ಎಂದು ವಾದಿಸುವವರನ್ನು ನೋಡುವ ಹಾಗೆ. ಸಿಂಥೆಟಿಕ್ ಎನಾಮಲ್, ಎರಡು ಕೋಟ್ ಎಂದರು. ಬಿಸಿಲು, ಮಳೆ ಏನೂ ಆಗದು ಎಂದರು. ಮಳೆ ಹಾಲಿನ ಒಳಗೆ ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಎದ್ದು ಹೊರಟವಳಿಗೆ, "ಬೋಟು ಅವರು ಕೇಳಿರ್ಲಿಲ್ಲ ಮೇಡಂ, ನನ್ ಕಡೆಯಿಂದ ಫ್ರೀ" ಎಂದು ಕೂಗಿ ಹೇಳಿದರು. ತನ್ನ ಕೆಲಸದ ಮೇಲೆ ಅಷ್ಟು ಸಂತೋಷ ಇರುವ ಮನುಷ್ಯನನ್ನು ನಾನು ಚಿತ್ರಗಾರರಲ್ಲಿ ಕಂಡಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟೆ. ಫೋನು ಮಾಡಿದರೆ ತರಗತಿಯಲ್ಲಿದ್ದೇನೆ ಎನ್ನುತ್ತಿದ್ದೆ, ಭಾನುವಾರವೂ ಹಾಗೇ ಎನ್ನುತ್ತಿದ್ದೆ.

ಮುಂದಿನ ವರ್ಷ ಮಳೆ ಹಿಡಿದುಕೊಂಡಿತು. ನಮ್ಮ ಕಡೆ ಮಳೆ ಬಂದರೂ ಮುಖ ತೋರಿಸಿ ಹೋಗುವುದೇ ವಾಡಿಕೆ. ಈ ಸಲ ಬಂದದ್ದು ಎದ್ದು ಹೋಗುವ ಲಕ್ಷಣವೇ ಕಾಣಲಿಲ್ಲ. ಜಯಮಂಗಲಿ ಸೇತುವೆಯ ಮಟ್ಟಕ್ಕೆ ಬಂತು, ಕೆರೆಗಳು ಒಂದರ ಹಿಂದೆ ಒಂದು ತುಂಬಿದವು. ಒಂದು ಬೆಳಗ್ಗೆ ತಂಗಿಯ ಫೋನು. "ನಮ್ ಕೆರೆ ಕೋಡಿ ಬಿದ್ದೈತೆ ಕಣಕ್ಕ. ಪೆಟ್ಟಿಗೆ ತಗಂಡು ಬಾ" ಎಂದಳು. ಅವಳ ದನಿಯಲ್ಲಿ ಅಂಥ ಕುಣಿತ ನಾನು ಅವಳ ಮದುವೆಯಲ್ಲೂ ಕೇಳಿರಲಿಲ್ಲ. ಹೋಗದೆ ಇರಲು ಆಗಲಿಲ್ಲ.

ಏರಿಯ ಮೇಲೆ ಕಾಲಿಡಲು ಜಾಗವಿಲ್ಲ. ಹೆಂಗಸರು ಮೊರಗಳಲ್ಲಿ ಬಾಗಿನ ಹಿಡಿದು ನಿಂತಿದ್ದರು, ಗಂಡಸರು ತೆಂಗಿನಕಾಯಿ ಒಡೆಯುತ್ತಿದ್ದರು, ಹುಡುಗರು ಕೋಡಿಯ ನೀರಿಗೆ ಬಿದ್ದು ಒದ್ದಾಡುತ್ತಿದ್ದರು. ಇಷ್ಟು ವರ್ಷ ಅದೇ ಅಂಗಳಕ್ಕೆ ಕಸ ಸುರಿದು, ಮಣ್ಣು ಹೊತ್ತು ಮಾರಿಕೊಂಡ ದೊಡ್ಡ ಮನುಷ್ಯರು ಈಗ ಅದಕ್ಕೆ ಹಾರ ಹಾಕಿ ಕೈಮುಗಿಯುತ್ತಿದ್ದರು. ತಂಗಿಯ ಗಂಡ ಗುಂಪಿನ ನಡುವೆ ನಿಂತು, ನಮ್ಮನೆ ಚಿತ್ರಕ್ಕೆ ನೀರು ಹಾಕಿಸಿದೆ ನೋಡಿ, ಮಾರನೇ ವರ್ಷಕ್ಕೆ ಕೆರೆ ತುಂಬಿತು ಎಂದು ಎಲ್ಲರಿಗೂ ಹೇಳುತ್ತಿದ್ದ. ಜನ ಹೌದು ಹೌದು ಎನ್ನುತ್ತಿದ್ದರು. ಅವರಲ್ಲೊಬ್ಬ ತನ್ನ ಮನೆಯ ಕ್ಯಾಲೆಂಡರಿನಲ್ಲಿ ಬಾವಿ ಬರೆಸಬಹುದಾ ಎಂದು ಕೇಳಿದ.

ಹೊಂಗೆಮರದ ಕೆಳಗೆ ಸ್ಟ್ಯಾಂಡು ಹಾಕಿದೆ. ಮಧ್ಯಾಹ್ನದ ಹೊತ್ತು. ನೀರು ನೀಲಿ ಎಂದುಕೊಂಡವರು ಅದನ್ನೂ ನೋಡಿಲ್ಲ. ನೆತ್ತಿಯ ಮೇಲೆ ಸೂರ್ಯ ಇರುವಾಗ ತುಂಬಿದ ಕೆರೆಗೆ ಬಣ್ಣವೇ ಇರುವುದಿಲ್ಲ. ಹೊಸ ತಗಡಿನ ಹಾಗೆ ಬೆಳ್ಳಗೆ ಹೊಡೆಯುತ್ತದೆ, ಕಣ್ಣು ಬಿಡಲಾಗದು. ಬಿರುಕಿಲ್ಲ, ದಾರಿಯಿಲ್ಲ, ಹಿಡಿದುಕೊಳ್ಳಲು ಒಂದು ಗೆರೆಯಿಲ್ಲ. ಬಿಳಿ ಹಚ್ಚಿದೆ, ಅದು ಸುಣ್ಣದ ಹಾಗೆ ಕಂಡಿತು. ಬೂದು ಸೇರಿಸಿದೆ, ಸಿಮೆಂಟಾಯಿತು. ಸಂಜೆಯವರೆಗೆ ಹಚ್ಚಿ, ಕೆರೆದು, ಹಚ್ಚಿ, ಕೊನೆಗೆ ಕ್ಯಾನ್ವಾಸನ್ನು ಮುಖ ಕೆಳಗೆ ಮಾಡಿ ಇಟ್ಟೆ. ಊರಿಗೆ ಊರೇ ನಗುತ್ತಿದ್ದ ಆ ದಿನ ಆ ಏರಿಯ ಮೇಲೆ ಮುಖ ಗಂಟುಹಾಕಿಕೊಂಡು ಕೂತಿದ್ದವಳು ನಾನೊಬ್ಬಳೇ.

ಹೊರಡುವಾಗ ತಂಗಿ ನನ್ನನ್ನು ಮನೆಯೊಳಗೆ ಕರೆದಳು. ಗೋಡೆಯಿಂದ ಚಿತ್ರ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ ನನ್ನ ಕೈಗೆ ಕೊಟ್ಟಳು.

"ತಗಂಡೋಗಕ್ಕ. ಒರೆಸ್ಕೊ. ಇನ್ ಇದ್ರಾಗೆ ನೀರು ಬ್ಯಾಡ."

"ನಿನ್ನ ಗಂಡ ಏನನ್ನುತ್ತಾನೆ?"

"ಅವರೇನಂತಾರೆ? ನೀರು ಹಾಕ್ಸ್ರಿ ಅಂದೋಳು ನಾನು" ಎಂದಳು. "ವಾಸ್ತು ಅಂತ ಹೇಳ್ರಿ, ನಮ್ಮಕ್ಕ ನನ್ ಮ್ಯಾಲೆ ಬೇಜಾರ್ ಮಾಡ್ಕಂತಾಳೆ ಅಂತ ನಾನೇ ಹೇಳ್ಕೊಟ್ಟಿದ್ದೆ."

ನಾನು ಏನೋ ಅನ್ನಲು ಹೋದೆ. ಅವಳು ಬಿಡಲಿಲ್ಲ. ಜೀವಮಾನದಲ್ಲಿ ಅವಳು ನನ್ನ ಚಿತ್ರದ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು.

"ನೀನು ಭಾನುವಾರ ಬಂದು ನೋಡ್ಕಂಡು ಹೋಗ್ಬುಡ್ತೀಯ. ನಂಗೆ ಬಾಗ್ಲು ತೆಗದ್ರೆ ಹೊರಗೂ ಅದೇ, ಬಾಗ್ಲು ಹಾಕ್ಕಂಡ್ರೆ ಗೋಡೆ ಮ್ಯಾಲೂ ಅದೇ. ಎಲ್ಲಾನ ಒಂದ್ ಕಡೆ ನೀರಿರ್ಲಿ ಅನ್ನಿಸ್ತು. ಹಾಕಿಸ್ದೆ. ಈಗ ಹೊರಗೈತಲ್ಲ."

ನನಗೆ ಕಣ್ಣು ತುಂಬಿ ಬರಬೇಕಿತ್ತೇನೋ. ಬಂದದ್ದು ಸಿಟ್ಟು. ಹೊಂಗೆಮರದ ಕೆಳಗೆ ಎರಡು ಬೇಸಿಗೆ ಇವಳು ಸುಮ್ಮನೆ ಕೂತಿದ್ದು ನನ್ನ ಚಿತ್ರವನ್ನು ಒಪ್ಪಿಕೊಂಡಲ್ಲ, ಉಂಡ ಪಾತ್ರೆ ವಾಪಸು ಒಯ್ಯಲು ಕಾದದ್ದು. ಮನೆಯಲ್ಲಿ ಒಂದಾದರೂ ಕಣ್ಣಿದೆ ಎಂದುಕೊಂಡಿದ್ದೆ, ಅದೂ ಸೀನರಿ ಕೇಳುವ ಕಣ್ಣೇ. ಚಿತ್ರವನ್ನು ಸ್ಕೂಟಿಗೆ ಕಟ್ಟಿಕೊಂಡು ಹಿಂದಿರುಗಿ ನೋಡದೆ ಬಂದೆ.

ವಾರ್ನಿಶ್ ಇಲ್ಲದ ಚಿತ್ರದ ಮೇಲಿನ ಎನಾಮಲ್ ತೆಗೆಯಲು ಹೋದರೆ ಕೆಳಗಿನ ಬಣ್ಣವೂ ಏಳುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ಮಕ್ಕಳಿಗೆ ಹೇಳಿಕೊಡುವ ಪಾಠ. ಆದರೂ ಥಿನ್ನರ್ ತಂದೆ, ಹತ್ತಿ ತಂದೆ, ಕಿಟಕಿ ತೆಗೆದಿಟ್ಟು ಕೂತೆ. ಮೊದಲು ದೋಣಿ ಕರಗಿತು, ಆಮೇಲೆ ಹಂಸಗಳು. ಹತ್ತಿಯ ತುಂಬ ನೀಲಿ ಬಂತು. ನೀಲಿಯ ಹಿಂದೆಯೇ ಬೂದಿ, ನೇರಳೆ, ಹಂಚಿನ ಕೆಂಪು, ಎಲ್ಲಾ ಒಂದಾಗಿ ಬಂತು. ಆಗಲಾದರೂ ನಿಲ್ಲಿಸಬೇಕಿತ್ತು. ಒಂದು ಹನಿ ನೀಲಿ ಇರುವವರೆಗೂ ಬಿಡಬಾರದು ಎಂದು ಹಟ. ಕೊನೆಗೆ ಏರಿ ಉಳಿಯಿತು, ಹಿಂದಿನ ಗುಡ್ಡ ಉಳಿಯಿತು, ಅಂಚಿನ ಜಾಲಿ ಉಳಿಯಿತು. ನಡುವೆ ಕೆರೆಯ ಜಾಗದಲ್ಲಿ ಬರೀ ಕ್ಯಾನ್ವಾಸು, ಬೆಳ್ಳಗೆ. ಆ ರಾಶಿ ಹತ್ತಿಯನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ, ಒಂದು ಡಬ್ಬಕ್ಕೆ ತುಂಬಿ ಇಟ್ಟೆ. ಅವತ್ತು ಅತ್ತದ್ದು ನಿಜ.

ಇನ್ನೊಮ್ಮೆ ಬರೆಯಬಹುದಲ್ಲ ಎಂದು ಹೇಳುವವರಿದ್ದಾರೆ. ಏನನ್ನು ನೋಡಿ ಬರೆಯುವುದು? ಕೆರೆ ತುಂಬಿ ಕೂತಿದೆ. ನೆನಪಿನಿಂದ ಬರೆಯುವವರಿಗೆ ಜೀವನಪೂರ್ತಿ ಉಗಿದವಳು ನಾನು. ಹಾಗಾಗಿ ಬೇಸಿಗೆಗೆ ಕಾದೆ. ನಮ್ಮ ಕಡೆಯ ಕೆರೆ ಎಷ್ಟು ದಿನ ನಿಂತೀತು, ಬತ್ತಲಿ, ಅಂಗಳ ಕಾಣಲಿ, ಮತ್ತೆ ಹೋಗಿ ಕೂರುತ್ತೇನೆ ಎಂದುಕೊಂಡೆ. ಇಡೀ ದೊಡ್ಡೇರಿ ಹೋಬಳಿಯಲ್ಲಿ ಆ ಕೆರೆ ಒಣಗಲಿ ಎಂದು ಕಾಯುತ್ತಿದ್ದವಳು ನಾನೊಬ್ಬಳೇ ಇರಬೇಕು. ಬೇಸಿಗೆ ಬಂತು. ನೀರು ಇಳಿಯಿತು, ಒಣಗಲಿಲ್ಲ. ಮತ್ತೆ ಮಳೆ ಬಂತು. ಚಿತ್ರ ನನ್ನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೇ ಇತ್ತು.

ಕಳೆದ ದೀಪಾವಳಿಗೆ ಮುಂಚೆ ತಂಗಿ ಬಟ್ಟೆ ತೆಗೆಯಲು ಮಧುಗಿರಿಗೆ ಬಂದವಳು, ಬಿಸಿಲು ಇಳಿಯಲಿ ಎಂದು ನಮ್ಮ ಮನೆಗೆ ಬಂದಳು. ಕೆರೆಯಲ್ಲಿ ಮೀನು ಬಿಟ್ಟಿದ್ದಾರಂತೆ, ಬಾವಿಯಲ್ಲಿ ನೀರು ಕೈಗೆ ಸಿಗುತ್ತದಂತೆ, ಅವಳ ಗಂಡನ ಅಂಗಡಿಯಲ್ಲಿ ಪೈಪಿನ ವ್ಯಾಪಾರ ಬಿದ್ದಿದೆಯಂತೆ. ನಾನು ಕಾಫಿ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಅವಳು ನನ್ನ ಕೋಣೆಗೆ ಹೋಗಿ, ಚಿತ್ರವನ್ನು ತಿರುಗಿಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿಕೊಂಡಿದ್ದಳು. ಬೈದರೆ ಬೈಸಿಕೊಳ್ಳಲು ತಯಾರಾಗಿ ನಾನು ಬಾಗಿಲಲ್ಲೇ ನಿಂತೆ. ಮಾಡಿದ್ದುಣ್ಣು ಎಂದಾಳು ಎಂದುಕೊಂಡಿದ್ದೆ.

ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದಳು, ಏರಿಯ ಮೇಲೆ ನಿಂತಾಗ ಹಿಡಿಯುವ ಹಾಗೆ.

"ಮಧ್ಯಾಹ್ನದ್ದು ಬರ್ದಿದ್ದೀಯ" ಎಂದಳು. "ಆ ಹೊತ್ನಾಗೆ ಇಂಗೇ ಕಣಕ್ಕ, ನೀರು ನೋಡಕ್ಕಾಗಲ್ಲ."

ನಾನು ಕಾಫಿ ಲೋಟ ಮೇಜಿನ ಮೇಲಿಟ್ಟು ಅವಳ ಹಿಂದೆ ಬಂದು ನಿಂತೆ.

"ಆವತ್ತೇ ಇಂಗೆ ನೀರು ಬರ್ದು ಕೊಟ್ಟಿದ್ರೆ ಆ ಸಾಬ್ರನ್ನ ಯಾಕ್ ಕರೀತಿದ್ದೆ ನಾನು?"

ಅದು ಬರೆದದ್ದಲ್ಲ, ನಿನ್ನ ನೀಲಿಯ ಜೊತೆ ನನ್ನ ಎರಡು ಬೇಸಿಗೆಯನ್ನು ಒರೆಸಿ ತೆಗೆದ ಜಾಗ, ಅಲ್ಲಿ ಒಂದು ಚೂರೂ ಬಣ್ಣವಿಲ್ಲ, ಎಂದು ಹೇಳಲು ಬಾಯಿ ತೆರೆದೆ. ತೆರೆದವಳು ಅವಳ ಹೆಗಲ ಮೇಲಿಂದ ನೋಡಿದೆ. ಏರಿ, ಅಂಚಿನ ಜಾಲಿ, ಎರಡರ ನಡುವೆ ಕಣ್ಣಿಗೆ ಹೊಡೆಯುವ ಆ ಬಿಳಿ. ಕೋಡಿ ಬಿದ್ದ ದಿನ ಸಂಜೆಯವರೆಗೆ ಕೂತು ನನ್ನ ಕೈಗೆ ಸಿಗದೆ ಹೋದ ಕೆರೆ ಅಲ್ಲಿ ತುಂಬಿ ನಿಂತಿತ್ತು. ಬೈಯಲು ಒಂದು ಮಾತಿಗಾಗಿ ಹುಡುಕಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಸಿಗಲಿಲ್ಲ.

ಹೊರಡುವಾಗ ಅವಳು ಚಿತ್ರವನ್ನು ಸೀರೆ ಅಂಗಡಿಯ ದೊಡ್ಡ ಕವರಿನೊಳಗೆ ಇಳಿಸಿಕೊಳ್ಳುತ್ತಾ, "ಇನ್ನೇನಾನ ಬರೆಯೋದೈತಾ ಇದ್ರಾಗೆ?" ಎಂದು ಕೇಳಿದಳು.

"ಇಲ್ಲ, ಮುಗಿದಿದೆ" ಎಂದೆ.